ಸವೆದ ಸೊಸೆ

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಸೈಕಲ್ ಚಕ್ರದ ನಟ್ಟನಡುವೆ ಕೂರುವ ಹಬ್ಬು. ಕಡ್ಡಿಗಳೆಲ್ಲ ಬಂದು ಸೇರುವ, ನಡುವೆ ಅಚ್ಚು ತೂರಿ ಹೋಗುವ, ಅಂಗೈಯಲ್ಲಿ ಹಿಡಿಸುವ ಉಕ್ಕಿನ ಕೊಳವೆ ಅದು. ‘ನಮಗೆ ದಿನಾ ಹಬ್ಬು, ಹಬ್ಬ ಮಾತ್ರ ಇಲ್ಲ’ ಎಂಬ ಮಾತನ್ನು ಅಲ್ಲಿಯ ಅರವತ್ತು ಮಂದಿ ಹೇಳಿ ಹೇಳಿ ಅದು ಸಪ್ಪೆಯಾಗಿ ಹೋಗಿತ್ತು. ಸಪ್ಪೆಯಾಗದೆ ಉಳಿದ ಇನ್ನೊಂದು ನಗೆಮಾತಿತ್ತು. ಅದು ಗೇಜಿನದು.

ಗೇಜೆಂದರೆ ಗೇಣುದ್ದದ ಒಂದು ಹಿಡಿ. ಅದರ ಎರಡು ತುದಿಗೂ ಕನ್ನಡಿಯಂತೆ ಹೊಳೆಯುವ ಉರುಟು ಮೂತಿ. ಒಂದು ಮೂತಿ ಒಂದು ಎಳೆಯಷ್ಟು ಸಣ್ಣ, ಇನ್ನೊಂದು ಒಂದು ಎಳೆಯಷ್ಟು ದಪ್ಪ. ಹಬ್ಬಿನ ಬಾಯೊಳಗೆ ಸಣ್ಣ ಮೂತಿ ಸಲೀಸಾಗಿ ಇಳಿಯಬೇಕು, ದಪ್ಪ ಮೂತಿ ಇಳಿಯಲೇಬಾರದು. ಹಾಗಾದರೆ ಬಾಯಿಯ ಅಳತೆ ಸರಿ ಎಂದರ್ಥ. ಸರ್ಕಾರದ ಪರೀಕ್ಷಕ ಮೊದಲ ದಿನ ಇದನ್ನು ಹಣೆಯ ಬೆವರು ಒರೆಸಿಕೊಳ್ಳುತ್ತ ಅರ್ಧ ಗಂಟೆ ವಿವರಿಸಿದ್ದ. ಕೇಳಿ ಮುಗಿಸಿದ ರೀಮರ್ ಅಕ್ಕ, ಎಂದರೆ ಹಬ್ಬಿನ ಬಾಯನ್ನು ರೀಮರ್ ಎಂಬ ಉಕ್ಕಿನ ಅಲಗಿನಿಂದ ಕೊರೆದು ಕೊನೆಯ ಅಳತೆಗೆ ತರುವ ಐವತ್ತರ ಹೆಂಗಸು, ಕೈಯ ಎಣ್ಣೆ ಒರೆಸಿಕೊಂಡು ಹೇಳಿದ್ದಳು:

“ಅಷ್ಟೇನಾ ಸಾರ್? ಸೊಸೆ ಒಳಗೆ ಬರ್ಬೇಕು, ಅತ್ತೆ ಹೊಸ್ತಿಲಲ್ಲೇ ನಿಲ್ಬೇಕು. ಇಬ್ರೂ ಒಳಗೆ ಬಂದ್ರೆ ಮನೆ ಹಾಳು. ಇಬ್ರೂ ಹೊರಗೇ ನಿಂತ್ರೆ ಮನೆ ಪಾಳು.”

ಅವತ್ತಿನಿಂದ ಸಣ್ಣ ಮೂತಿ ಸೊಸೆ, ದಪ್ಪ ಮೂತಿ ಅತ್ತೆ. ಸರ್ಕಾರದ ಕಾಗದದಲ್ಲಿ ಅವಕ್ಕೆ ಬೇರೇನೋ ಹೆಸರಿತ್ತು. ಅದು ಕಾಗದದಲ್ಲೇ ಉಳಿಯಿತು.

ಪರೀಕ್ಷಕನಿಗೂ ಒಂದು ಹೆಸರು ಬಿತ್ತು. ಅವನ ಮುದ್ರೆಯ ಮೇಲೆ ‘ಪಾಸು’ ಎಂದಿದ್ದುದರಿಂದ ಅವನು ಪಾಸಪ್ಪನಾದ. ಎದುರಿಗೆ ಸಾರ್, ಬೆನ್ನ ಹಿಂದೆ ಪಾಸಪ್ಪ. ಅವನಿಗೂ ಅದು ಗೊತ್ತಿತ್ತು. ಇನ್ನೂ ಕೆಟ್ಟ ಹೆಸರು ಬೀಳಬಹುದಿತ್ತು ಎಂದುಕೊಂಡು ಸುಮ್ಮನಿದ್ದ.

ಮೂರು ವರ್ಷದ ಹಿಂದೆ ಆ ರಸ್ತೆಯೇ ಇರಲಿಲ್ಲ. ನಾಡಿನ ಸೈಕಲ್ಲುಗಳಿಗೆಲ್ಲ ಹಬ್ಬು ಹೊರದೇಶದಿಂದ ಹಡಗಿನಲ್ಲಿ ಬರುತ್ತಿತ್ತು. ಸರ್ಕಾರ ಒಂದು ದಿನ ಮನಸ್ಸು ಮಾಡಿತು. ಕೈಗಾರಿಕಾ ಮಂಡಳಿ ಎಂದೊಂದನ್ನು ಕಟ್ಟಿತು. ಮಂಡಳಿ ಕುರುಚಲು ಬಯಲಿಗೆ ರಸ್ತೆ ತಂದಿತು, ತಂತಿ ಎಳೆಯಿತು, ತಗಡಿನ ಶೆಡ್ಡುಗಳನ್ನು ನಿಲ್ಲಿಸಿ ಒಳಗೆ ಲೇತುಗಳನ್ನು ಇಳಿಸಿತು. ಸೇತುವೆಯ ಕೆಳಗೆ ಕೂತು ಪಂಕ್ಚರ್ ಹಾಕುತ್ತಿದ್ದವನನ್ನು ಕರೆದು, ‘ನಿನ್ನ ಕೈಯಲ್ಲಿ ಕಸುಬಿದೆ, ಇದನ್ನು ನಡೆಸು’ ಎಂದು ಬೀಗದ ಕೈ ಕೊಟ್ಟಿತು. ಈಗ ಅವನೇ ಯಜಮಾನ. ಹೊರಗಿನ ಹಬ್ಬು ಬಾರದಂತೆ ಸರ್ಕಾರ ಬಂದರಿನ ಬಾಗಿಲನ್ನೂ ಮುಚ್ಚಿತು. ಆದರೆ ಸರ್ಕಾರದ ಒಂದು ಕೈಯಲ್ಲಿ ಬೆಲ್ಲವಿದ್ದರೆ ಇನ್ನೊಂದರಲ್ಲಿ ಬೆತ್ತವಿತ್ತು. ಬಾಗಿಲು ಮುಚ್ಚಿರುವುದು ಮೂರೇ ವರ್ಷ. ಮೂರನೆಯ ವರ್ಷದ ಕೊನೆಯ ತಿಂಗಳು ಮುಗಿಯುವುದರೊಳಗೆ ನೂರು ಹಬ್ಬಿನ ಎಂಬತ್ತು ಪೆಟ್ಟಿಗೆಗಳನ್ನು ಹೊರದೇಶಕ್ಕೆ ಮಾರಬೇಕು. ಮಾರಿದರೆ ಹೊಸ ಯಂತ್ರ, ಇನ್ನೊಂದು ಶೆಡ್ಡು. ತಪ್ಪಿದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಿ ಲೇತುಗಳನ್ನು ಇನ್ನೊಬ್ಬನಿಗೆ ಕೊಡುವುದು. ಅರವತ್ತು ಮಂದಿ ಅಂದಿನಿಂದ ಮನೆಯಲ್ಲಿ.

ಪಾಸಪ್ಪನೂ ಒಂದು ಲೆಕ್ಕದಲ್ಲಿ ಮಂಡಳಿಯೇ ಮಾಡಿದ ಸರಕು. ಗೋದಾಮಿನಲ್ಲಿ ಮೂಟೆ ತೂಗುವ ಗುಮಾಸ್ತನಾಗಿದ್ದವನು ಮಂಡಳಿಯ ಸಂಜೆ ತರಗತಿಗೆ ಎರಡು ವರ್ಷ ಹೋಗಿ ನಕ್ಷೆ ಓದುವುದು, ಅಳತೆ ಹಿಡಿಯುವುದು ಕಲಿತಿದ್ದ. ಪರೀಕ್ಷೆಯಲ್ಲಿ ಮೂರನೆಯವನಾಗಿ ಪಾಸಾದಾಗ, ಅಂಕ ಕೂಡುವಾಗ ಯಾರೋ ತಪ್ಪಿರಬೇಕು ಎಂದು ಅವನಿಗೆ ಗಟ್ಟಿಯಾಗಿ ಅನ್ನಿಸಿತ್ತು. ಆ ತಪ್ಪು ಇವತ್ತಲ್ಲ ನಾಳೆ ಯಾರ ಕಣ್ಣಿಗಾದರೂ ಬೀಳುತ್ತದೆ ಎಂದು ಇನ್ನೂ ಕಾಯುತ್ತಿದ್ದ.

ಅದಕ್ಕೇ ಅವನು ಎಲ್ಲವನ್ನೂ ಪರೀಕ್ಷಿಸುತ್ತಿದ್ದುದು. ನಿಯಮ ಹೇಳುತ್ತಿದ್ದುದು ಇಪ್ಪತ್ತಕ್ಕೊಂದು. ಇಪ್ಪತ್ತು ಹಬ್ಬಿನಲ್ಲಿ ಒಂದನ್ನೆತ್ತಿ ನೋಡಿದರೆ ಸಾಕು. ಉಳಿದ ಹತ್ತೊಂಬತ್ತರಲ್ಲಿ ಒಂದು ಕೆಟ್ಟಿದ್ದರೆ? ಮೊದಲ ದಿನ ಬಂದ ಆ ಯೋಚನೆ ಮತ್ತೆ ಹೋಗಲೇ ಇಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಬಂದ ಪ್ರತಿ ಹಬ್ಬಿನ ಎರಡೂ ಬಾಯಿಗೆ ಸೊಸೆಯನ್ನು ಇಳಿಸಿ, ಅತ್ತೆಯನ್ನು ಮುಟ್ಟಿಸಿ, ಪಕ್ಕಕ್ಕಿಡುತ್ತಿದ್ದ. “ಪಾಸಪ್ಪ ಇದ್ದಾನೆ, ನಾವು ಕಣ್ಣು ಮುಚ್ಚಿಕೊಂಡು ಕೊರೆಯಬಹುದು” ಎಂದು ಲೇತಿನವರು ನಗುತ್ತಿದ್ದರು. ಯಜಮಾನನಿಗೂ ಹೆಮ್ಮೆ. “ನಮ್ಮಲ್ಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡೋ ಸಾಹೇಬರಿದ್ದಾರೆ” ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

ಹಡಗು ಹೊರಡುವುದು ಮೂವತ್ತಕ್ಕೆ. ಇಪ್ಪತ್ತಾರನೆಯ ತಾರೀಖು ಬೆಳಿಗ್ಗೆ ಎಂಬತ್ತು ಪೆಟ್ಟಿಗೆಗಳೂ ಮೊಳೆ ಹೊಡೆಸಿಕೊಂಡು, ಪಾಸಪ್ಪನ ಮುದ್ರೆ ಹೊತ್ತು ಬಾಗಿಲ ಬಳಿ ಸಾಲಾಗಿ ನಿಂತಿದ್ದವು. ಅವತ್ತೇ ಟಪಾಲಿನವನು ಒಂದು ಪುಟ್ಟ ಮರದ ಡಬ್ಬಿ ತಂದುಕೊಟ್ಟ. ಹಳೆಯ ಗೇಜಿಗೆ ವರ್ಷ ತುಂಬುತ್ತ ಬಂದಿದ್ದರಿಂದ ಮಂಡಳಿ ಹೊಸದನ್ನು ಕಳಿಸಿತ್ತು.

“ಹೊಸ ಸೊಸೆ ಬಂದ್ಲು!” ಎಂದು ಯಾರೋ ಕೂಗಿದರು. ಊಟದ ಹೊತ್ತಿಗೆ ಹತ್ತಿರವಾದ್ದರಿಂದ ಎಲ್ಲರಿಗೂ ಕೈ ಬಿಡಲು ನೆಪ ಬೇಕಿತ್ತು. ಮೇಜಿನ ಸುತ್ತ ಸೇರಿದರು. ಪಾಸಪ್ಪ ಎಣ್ಣೆ ಕಾಗದ ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಪಕ್ಕದಲ್ಲಿದ್ದ ಒಂದು ಹಬ್ಬು ತೆಗೆದು ಹೊಸ ಸೊಸೆಯನ್ನು ಬಾಯಿಗಿಟ್ಟ.

ಅವಳು ಒಳಗೆ ಹೋಗಲಿಲ್ಲ.

“ನಾಚಿಕೆ ಸಾರ್” ಎಂದಳು ರೀಮರ್ ಅಕ್ಕ. “ಹೊಸಬಳು. ಒಂದೆರಡು ದಿನ ಹಾಗೇ. ಆಮೇಲೆ ಹೊಂದ್ಕೊಳ್ತಾಳೆ.”

ಎಲ್ಲರೂ ನಕ್ಕರು. ಪಾಸಪ್ಪ ಇನ್ನೊಂದು ಹಬ್ಬು ತೆಗೆದ. ಹೋಗಲಿಲ್ಲ. ಮೂರನೆಯದು, ನಾಲ್ಕನೆಯದು. ಐದನೆಯದಕ್ಕೆ ನಗು ನಿಂತಿತು. ಹಳೆಯ ಸೊಸೆಯನ್ನು ಹಚ್ಚಿದರೆ ಐದಕ್ಕೂ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯುತ್ತಿದ್ದಳು.

“ಕಳಿಸಿದ್ದೇ ತಪ್ಪು ಗೇಜು” ಎಂದ ಯಜಮಾನ. “ಸರ್ಕಾರದ ಕೆಲಸ, ಕೇಳ್ಬೇಕಾ!”

ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು! ಪಾಸಪ್ಪ ಬೀರುವಿನಿಂದ ಮೈಕ್ರೋಮೀಟರ್ ತೆಗೆದು ಹೊಸದನ್ನು ಅಳೆದ. ಕಾಗದದಲ್ಲಿ ಬರೆದಷ್ಟೇ ಇತ್ತು. ಹಳೆಯದನ್ನು ಅಳೆದ. ಅತ್ತೆ ಮೊದಲ ದಿನ ಇದ್ದಷ್ಟೇ ಇದ್ದಳು. ಸೊಸೆ ಸವೆದು ಸಣ್ಣಗಾಗಿದ್ದಳು. ಒಂದು ಕೂದಲನ್ನು ಐದಾಗಿ ಸೀಳಿದರೆ ಅದರಲ್ಲಿ ಒಂದು ಎಳೆಯಷ್ಟು. ಅಷ್ಟೇ. ಆದರೆ ಹಬ್ಬಿನ ಬಾಯಲ್ಲಿ ಕೂರುವ, ಚಕ್ರ ತಿರುಗಲು ಗುಂಡುಗಳನ್ನು ಹಿಡಿಯುವ ಉಕ್ಕಿನ ಬಟ್ಟಲಿಗೆ ಆ ಎಳೆಯೇ ಸಾಕು; ಒಂದೋ ಒಳಗೆ ಹೋಗದು, ಇಲ್ಲವೇ ಬಡಿದು ಕೂರಿಸಿದರೆ ಬಿರುಕು ಬಿಡುವುದು.

ರೀಮರ್ ಅಕ್ಕನಿಗೆ ಅವನ ಮುಖ ನೋಡಿಯೇ ಅರ್ಥವಾಯಿತು. “ಪಾಪ” ಎಂದಳು ಮೆಲ್ಲಗೆ. “ಒಳಗೂ ಹೊರಗೂ ಓಡಾಡಿ ಓಡಾಡಿ ಸೊಸೆ ಸೊರಗಿದ್ದಾಳೆ. ಅತ್ತೆಗೇನು, ಹೊಸ್ತಿಲಲ್ಲಿ ನಿಂತೋಳು.”

ಕೊರೆದು ಕೊರೆದು ಅವಳ ರೀಮರೂ ಸವೆದಿತ್ತು. ಸವೆದಂತೆ ಬಾಯಿ ಕಿರಿದಾಗುತ್ತ ಬಂದಿತ್ತು. ಅದನ್ನು ಹಿಡಿಯಬೇಕಾದ ಗೇಜು ಅದರ ಜೊತೆ ಜೊತೆಗೇ ಸವೆದು ಎಲ್ಲಕ್ಕೂ ಹೂಂ ಎಂದಿತ್ತು. ಇಪ್ಪತ್ತಕ್ಕೊಂದು ನೋಡಿದ್ದರೆ ಗೇಜು ವರ್ಷವಿಡೀ ಗಟ್ಟಿಯಾಗಿರುತ್ತಿತ್ತು. ಅದನ್ನು ಸವೆಸಿದ್ದು ಪಾಸಪ್ಪನ ಎಚ್ಚರಿಕೆ.

ಯಜಮಾನ ಅವನನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಕೋಣೆಯೆಂದರೆ ಎರಡು ಕುರ್ಚಿ, ಒಂದು ಮೇಜು, ಗೋಡೆಗೆ ನೇತುಹಾಕಿದ ಹಳೆಯ ಪಂಪು. ಸೇತುವೆಯ ಕೆಳಗಿದ್ದ ಕಾಲದ್ದು.

“ಈಗ ಸಮಾಧಾನವಾಗಿ ಕೇಳಿ ಸಾಹೇಬ್ರೆ” ಎಂದ. ಅವನ ದನಿಯಲ್ಲೇ ಸಮಾಧಾನವಿರಲಿಲ್ಲ. “ಹಳೇ ಗೇಜಿನ ಕಾಗದ ಎಲ್ಲೀವರೆಗೆ?”

“ಮೂವತ್ತರವರೆಗೆ.”

“ಹೊಸದರದ್ದು?”

“ಒಂದನೇ ತಾರೀಖಿನಿಂದ.”

“ಮತ್ತೆ? ಕಾಗದದ ಪ್ರಕಾರ ಆ ಸೊಸೆ ನಮ್ಮ ಮನೆಗೆ ಇನ್ನೂ ಬಂದೇ ಇಲ್ಲ! ಮೂವತ್ತಕ್ಕೆ ಹಡಗು ಹೋಗುತ್ತೆ, ಒಂದಕ್ಕೆ ಅವಳು ಬರ್ತಾಳೆ. ಆಮೇಲೆ ಹೊಸ ರೀಮರ್ ಹಾಕ್ಸೋಣ, ಎಲ್ಲ ನೆಟ್ಟಗೆ ಮಾಡೋಣ. ನೀವೂ ತಪ್ಪು ಮಾಡಿಲ್ಲ, ನಾನೂ ತಪ್ಪು ಮಾಡಿಲ್ಲ.”

“ಬಟ್ಟಲು ಕೂರಲ್ಲ ಯಜಮಾನ್ರೆ.”

“ನಮ್ಮೂರಲ್ಲಿ ಕೂತಿಲ್ವಾ? ಎಷ್ಟೋ ತಿಂಗಳಿಂದ ಇದೇ ಹಬ್ಬು ಪೇಟೆಗೆ ಹೋಗಿದೆ. ಸುತ್ತಿಗೇಲಿ ಎರಡು ಬಿಟ್ಟು ಕೂರಿಸ್ಕೊಂಡಿದ್ದಾರೆ. ಒಬ್ರಾದ್ರೂ ಬಾಯಿಬಿಟ್ರಾ?” ಆಮೇಲೆ ಅವನ ದನಿ ಕುಗ್ಗಿತು. “ನಾನು ಮತ್ತೆ ಸೇತುವೆ ಕೆಳಗೆ ಹೋಗ್ತೀನಿ ಬಿಡಿ. ನನಗೆ ಆ ಜಾಗ ಗೊತ್ತು. ಈ ಅರವತ್ತು ಜನ? ರೀಮರ್ ಅಕ್ಕನ ಮಗಳು ಅವಳ ಸಂಬಳದಲ್ಲಿ ದಾದಿ ಕೆಲಸ ಕಲೀತಿದ್ದಾಳೆ. ನೀವು ಬಾಯಿಬಿಟ್ರೆ ಎಂಬತ್ತೂ ಪೆಟ್ಟಿಗೆ ಬಿಚ್ಬೇಕು. ನಾಲ್ಕು ದಿನದಲ್ಲಿ ಆಗೋ ಮಾತಾ?”

ಪಾಸಪ್ಪನಿಗೆ ಅದು ಬಾಯೊಳಗಿನ ಬಿಸಿ ತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. ಯಜಮಾನ ಹೇಳಿದ್ದರಲ್ಲಿ ಸುಳ್ಳೆಂಬುದು ಒಂದೂ ಇರಲಿಲ್ಲ, ಅದೇ ತೊಂದರೆ. “ನಾಳೆ ಹೇಳ್ತೀನಿ” ಎಂದು ಎರಡೂ ಗೇಜುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದ.

ಮನೆಯಲ್ಲಿ ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನೆರೆಯವರ ಬಟ್ಟೆ ಹೊಲಿದುಕೊಡುವುದು ಅವಳ ಕೆಲಸ. ಅವನು ಬಂದವನು ಚಪ್ಪಲಿ ಬಿಟ್ಟು, ಅದು ನೇರವಾಗಿದೆಯೇ ಎಂದು ತಿರುಗಿ ನೋಡಿ, ಮತ್ತೊಮ್ಮೆ ತಿರುಗಿ ನೋಡಿದ.

“ಅದು ಎದ್ದು ಓಡಿಹೋಗಲ್ಲ ರೀ” ಎಂದಳು ಅವಳು, ತಲೆಯೆತ್ತದೆ. “ಏನಾಯ್ತು?”

ಅವನು ಎಲ್ಲವನ್ನೂ ಹೇಳಿದ. ಅವಳು ಹೊಲಿಯುತ್ತಲೇ ಕೇಳಿದಳು. ನಡುವೆ ಟಕ್ಕೆಂದು ಸದ್ದಾಯಿತು, ಸೂಜಿ ಮುರಿದಿತ್ತು.

“ನೋಡಿ” ಎಂದಳು, ಮುರಿದ ತುಂಡನ್ನು ಅಂಗೈಯಲ್ಲಿಟ್ಟು. “ಇದು ನಿಮ್ಮ ಮಂಡಳಿ ಕಾರ್ಖಾನೆ ಸೂಜಿ. ವಾರಕ್ಕೆರಡು ಮುರಿಯುತ್ತೆ. ಆದ್ರೂ ಅದನ್ನೇ ತಗೊಳ್ತೀನಿ. ಯಾಕೆ ಹೇಳಿ?”

“ಬೇರೆ ಇಲ್ವಲ್ಲ ಅಂಗಡೀಲಿ.”

“ಹೂಂ. ಸೂಜಿಗೂ ಬಂದರಿನ ಬಾಗಿಲು ಮುಚ್ಚಿದ್ದಾರೆ, ನಮಗೆ ಬೇರೆ ಗತಿ ಇಲ್ಲ. ಬೈಕೊಂಡು ತಗೊಳ್ತೀವಿ. ನಮ್ಮವರೇ ಅಲ್ವಾ, ಕಲೀಲಿ ಅಂತ ಸಹಿಸ್ಕೊಳ್ತೀವಿ.” ಅವಳು ಹೊಸ ಸೂಜಿ ಸಿಕ್ಕಿಸಿ ತಿರುಪು ಬಿಗಿದಳು. “ಹೊರಗಿನೋರಿಗೆ ಗತಿ ಇದೆ ಕಣ್ರೀ. ಅವರು ಸುತ್ತಿಗೆ ತಗೊಳ್ಳಲ್ಲ. ಪಕ್ಕದ ಅಂಗಡಿಗೆ ಹೋಗ್ತಾರೆ.”

ಪಾಸಪ್ಪ ಆ ಸೂಜಿಯ ತುಂಡನ್ನು ಕೈಗೆ ತೆಗೆದುಕೊಂಡ. “ನನ್ನಿಂದ ಅರವತ್ತು ಮಂದಿ ಕೆಲಸ ಹೋದ್ರೆ?”

“ನಿಮ್ಮೊಬ್ಬರಿಂದಲೇ ಲೋಕ ನಡೆಯುತ್ತೆ ಅಂದ್ಕೋಬೇಡಿ. ಎಲ್ಲಾನೂ ನೀವೇ ನೋಡ್ಬೇಕು ಅನ್ನೋದೇ ನಿಮ್ಮ ರೋಗ. ನಿಮ್ಮ ಮೇಲಿನವರಿಗೆ ಹೇಳಿ. ಅವರೂ ಸಂಬಳ ತಗೊಳ್ತಾರಲ್ವಾ?”

ಮೇಲಿನವರೆಂದರೆ ಗುರಿ ಮೇಡಂ. ಮಂಡಳಿಯ ಜಿಲ್ಲಾ ಅಧಿಕಾರಿ. ‘ಗುರಿ’ ಎಂಬ ಮಾತಿಲ್ಲದೆ ಆಕೆಯ ಬಾಯಲ್ಲಿ ವಾಕ್ಯ ಮುಗಿಯುತ್ತಿರಲಿಲ್ಲವಾದ್ದರಿಂದ ಆ ಹೆಸರು. ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಪಾಸಪ್ಪ ಮೆಟ್ಟಿಲ ಮೇಲಿದ್ದ. ಆಕೆಯ ಕೋಣೆಯ ಒಂದು ಗೋಡೆಯ ತುಂಬ ಕರಿಹಲಗೆ. ಹಲಗೆಯ ತುಂಬ ಕಾರ್ಖಾನೆಗಳ ಹೆಸರು. ಎದುರಿಗೆ ಹಸಿರು, ಹಳದಿ, ಕೆಂಪು ಬಿಲ್ಲೆಗಳು. ಹಬ್ಬಿನ ಕಾರ್ಖಾನೆಗೆ ಹಸಿರು ಬಿಲ್ಲೆಯಿತ್ತು.

ಆಕೆ ಅವನ ಮಾತು ಮುಗಿಯುವವರೆಗೆ ಪೆನ್ನು ಕೆಳಗಿಡಲಿಲ್ಲ.

“ಇಪ್ಪತ್ತಕ್ಕೊಂದು ನೋಡಿದ್ರೆ ವರ್ಷಕ್ಕೆ ನಾಲ್ಕು ಸಾವಿರ ಸಲ. ಆ ಲೆಕ್ಕ ಹಾಕಿಯೇ ಗೇಜಿಗೆ ಒಂದು ವರ್ಷ ಅಂತ ಬರೆದಿರೋದು. ನೀವು ಎಷ್ಟು ಸಲ ಹಾಕಿದಿರಿ?”

“ಎಂಬತ್ತು ಸಾವಿರ, ಮೇಡಂ.”

“ಇಪ್ಪತ್ತು ವರ್ಷದ ದುಡಿತ ಒಂದೇ ವರ್ಷದಲ್ಲಿ.” ಆಕೆ ಅವನನ್ನು ಮೊದಲ ಸಲ ನೇರವಾಗಿ ನೋಡಿದಳು. “ಯಾಕೆ?”

“ಹೆದರಿಕೆ, ಮೇಡಂ.”

“ಕಾಗದದ ಪ್ರಕಾರ ನೀವು ಸುಮ್ಮನಿರಬಹುದಿತ್ತು. ಗೊತ್ತಾ?”

“ಗೊತ್ತು.”

“ಮತ್ತೆ ಯಾಕೆ ಬಂದ್ರಿ?”

ಪಾಸಪ್ಪ ದಾರಿಯುದ್ದಕ್ಕೂ ದೊಡ್ಡ ದೊಡ್ಡ ಉತ್ತರಗಳನ್ನು ಜೋಡಿಸಿಕೊಂಡು ಬಂದಿದ್ದ. ಈಗ ಒಂದೂ ನೆನಪಾಗಲಿಲ್ಲ. “ಹೆಂಡತಿಯ ಸೂಜಿ ಮುರೀತು, ಮೇಡಂ” ಎಂದುಬಿಟ್ಟ.

ಆಕೆ ಅದರ ಅರ್ಥ ಕೇಳಲಿಲ್ಲ. ಆಕೆಯ ಮನೆಯಲ್ಲೂ ಅದೇ ಸೂಜಿ ಇದ್ದಿರಬೇಕು. ಒಂದು ಕ್ಷಣ ಹಲಗೆಯ ಕಡೆ ನೋಡಿ ಹೇಳಿದಳು: “ಹಡಗು ಕಾಯಲ್ಲ. ತಾರೀಖು ಬದಲಾಗಲ್ಲ. ಗುರಿ ಇಳಿಯಲ್ಲ. ಇದನ್ನು ನಿಮ್ಮ ಯಜಮಾನರಿಗೆ ಹೇಳಿ. ಕಿರಿದಾದ ಬಾಯನ್ನು ಮತ್ತೆ ಕೊರೆದು ಹಿಗ್ಗಿಸಬಹುದಲ್ಲ?”

“ಆಗುತ್ತೆ ಮೇಡಂ. ಹಿಗ್ಗಿದ್ದನ್ನು ಕುಗ್ಗಿಸೋಕೆ ಆಗಲ್ಲ, ಕುಗ್ಗಿದ್ದನ್ನು ಹಿಗ್ಗಿಸಬಹುದು. ಆದರೆ ನಮ್ಮ ಹತ್ತಿರ ಎರಡೇ ಯಂತ್ರ. ರೀಮರ್ ಸವೆದಿದೆ.”

ಆಕೆ ಫೋನೆತ್ತಿದಳು. ಮುಂದಿನ ಇಪ್ಪತ್ತು ನಿಮಿಷ ಪಾಸಪ್ಪ ನಿಂತಲ್ಲೇ ನಿಂತು ಸರ್ಕಾರವೆಂಬುದನ್ನು ಕಿವಿಯಾರೆ ಕೇಳಿದ. ಮೊದಲು ಉಪಕರಣ ಉಗ್ರಾಣಕ್ಕೆ: ಆರು ಹೊಸ ರೀಮರು, ಮಧ್ಯಾಹ್ನದೊಳಗೆ, ಸಹಿ ಆಮೇಲೆ. ಆಮೇಲೆ ವಿದ್ಯುತ್ ಕಚೇರಿಗೆ: ಆ ರಸ್ತೆಯಲ್ಲಿ ಮೂರು ದಿನ ಕರೆಂಟು ತೆಗೆಯಕೂಡದು. ಕೊನೆಗೆ ಹಬ್ಬಿನ ಕಾರ್ಖಾನೆಯ ಎದುರಿಗೇ ಇದ್ದ ಪೆಡಲ್ ಕಾರ್ಖಾನೆಯ ಯಜಮಾನನಿಗೆ. ಅವನ ನಾಲ್ಕು ಯಂತ್ರಗಳು ಮೂರು ದಿನ ಬೇಕು. ಆ ಕಡೆಯಿಂದ ಏನೋ ಗಟ್ಟಿಯಾಗಿ ಕೇಳಿಸಿತು.

“ನಿಮ್ಮ ಯಂತ್ರಗಳೇ, ಯಾರು ಇಲ್ಲ ಅಂದ್ರು?” ಎಂದಳು ಆಕೆ. “ಅವುಗಳ ಬೆನ್ನಿಗೆ ಒಂದು ತಗಡಿದೆ ನೋಡಿ. ಅದರ ಮೇಲೆ ಯಾರ ಹೆಸರಿದೆ, ಸ್ವಲ್ಪ ಓದಿ ಹೇಳ್ತೀರಾ?... ಹಾಂ. ಅದೇ.”

ಫೋನಿಟ್ಟು ಕೈ ಚಾಚಿದಳು. “ನಿಮ್ಮ ಮುದ್ರೆ ಕೊಡಿ. ಈ ಸರಕನ್ನು ನೀವು ಪಾಸು ಮಾಡೋ ಹಾಗಿಲ್ಲ. ಬೇರೆ ಪರೀಕ್ಷಕರು ಬರ್ತಾರೆ.”

ಪಾಸಪ್ಪ ಚೀಲದಿಂದ ಮುದ್ರೆ ತೆಗೆದು ಮೇಜಿನ ಮೇಲಿಟ್ಟ. ಅಂಕ ಕೂಡಿದ ತಪ್ಪು ಕೊನೆಗೂ ಯಾರಿಗೋ ಸಿಕ್ಕಿತು ಎಂದುಕೊಂಡ. ವಿಚಿತ್ರವೆಂದರೆ, ಎದೆ ಹಗುರವಾಗಿತ್ತು.

ಸುದ್ದಿ ಕೇಳಿ ಯಜಮಾನ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪಾಸಪ್ಪನ ಮುಖವನ್ನೇ ನೋಡದೆ ಮೊಳೆ ಕೀಳುವ ಸಲಾಕೆ ತೆಗೆದುಕೊಂಡು ಮೊದಲ ಪೆಟ್ಟಿಗೆಯ ಮುಚ್ಚಳವನ್ನು ಮೀಟಿದ. ಆ ಮೊಳೆ ಕಿರುಗುಟ್ಟಿದ ಸದ್ದು ಶೆಡ್ಡಿನಲ್ಲೆಲ್ಲ ಕೇಳಿಸಿತು. ಪಾಸಪ್ಪ ಕೋಟು ಬಿಚ್ಚಿಟ್ಟು ಎರಡನೆಯ ಪೆಟ್ಟಿಗೆಯ ಹತ್ತಿರ ಹೋದ. ಮುದ್ರೆಯಿಲ್ಲದ ಪರೀಕ್ಷಕನಿಗೆ ಬೇರೆ ಕೆಲಸವೇನಿದೆ?

ಮೂರು ದಿನ ಆ ರಸ್ತೆಯಲ್ಲಿ ಕೈಗಾಡಿಗಳು ಇರುವೆಗಳಂತೆ ಓಡಾಡಿದವು. ಹಬ್ಬುಗಳು ಇಲ್ಲಿಂದ ಅಲ್ಲಿಗೆ ಹೋಗುವುದು, ಅಲ್ಲಿ ಬಾಯಿ ಹಿಗ್ಗಿಸಿಕೊಂಡು ಇಲ್ಲಿಗೆ ಬರುವುದು. ಪೆಡಲ್ ಯಜಮಾನ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತು ಬಂದವರಿಗೆಲ್ಲ ಕೇಳುವಂತೆ ಗೊಣಗುತ್ತಿದ್ದ: “ನೆರೆಮನೆಯವನು ಅಡುಗೆ ಕೆಡಿಸ್ಕೊಂಡ ಅಂತ ನಾನು ಒಲೆ ಬಿಟ್ಕೊಡ್ಬೇಕು.” ಎರಡನೆಯ ದಿನ ತಾನೇ ಒಂದು ಯಂತ್ರದ ಮುಂದೆ ನಿಂತುಬಿಟ್ಟ. “ನಿಮ್ಮ ಹುಡುಗ್ರಿಗೆ ಬಿಟ್ರೆ ನನ್ನ ಯಂತ್ರ ಕೆಡಿಸ್ತಾರೆ” ಎಂದು ನೆಪ ಹೇಳಿದ. ಅವನ ಕೈ ಚುರುಕಿತ್ತು. ರೀಮರ್ ಅಕ್ಕ ಆರು ಯಂತ್ರಗಳ ನಡುವೆ ಓಡಾಡುತ್ತ, “ಎಣ್ಣೆ ಬಿಡ್ರಪ್ಪಾ, ಎಣ್ಣೆ ಬಿಡಿ! ಒಣ ಬಾಯಿಗೆ ಯಾರು ಹೆಣ್ಣು ಕೊಡ್ತಾರೆ?” ಎಂದು ಕೂಗುತ್ತಿದ್ದಳು. ಹೊಸ ಪರೀಕ್ಷಕ, ಪಕ್ಕದ ಜಿಲ್ಲೆಯಿಂದ ಬಂದ ನಿದ್ದೆಗಣ್ಣಿನ ಆಸಾಮಿ, ಇಪ್ಪತ್ತಕ್ಕೊಂದನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿದ್ದ. ಪಾಸಪ್ಪ ದೂರದಿಂದ ಅವನನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಎರಡು ಸಲ ತನ್ನ ಹೆಬ್ಬೆರಳಿಗೂ ಹೊಡೆದುಕೊಂಡ.

ಮೂವತ್ತರ ಮಧ್ಯಾಹ್ನ ಲಾರಿ ಬಂತು. ಎಪ್ಪತ್ತನಾಲ್ಕು ಪೆಟ್ಟಿಗೆ ಸಿದ್ಧವಾಗಿದ್ದವು. ಆರು ಇನ್ನೂ ಬಿಚ್ಚಿಕೊಂಡು ಬಿದ್ದಿದ್ದವು. ಲಾರಿಯವನು ಕಾಲು ಗಂಟೆ ಕಾದ, ಇನ್ನೊಂದು ಕಾಲು ಗಂಟೆ ಕಾದ, ಆಮೇಲೆ ಹಾರ್ನು ಹೊಡೆದು ಹೊರಟ. ಅದು ರಸ್ತೆ ತಿರುಗುವವರೆಗೂ ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಗುರಿ ಎಂಬತ್ತು, ಎಪ್ಪತ್ತೊಂಬತ್ತಾದರೂ ತಪ್ಪಿದಂತೆಯೇ.

ಒಂದು ಗಂಟೆಯೊಳಗೆ ಗುರಿ ಮೇಡಂ ಬಂದಳು. ಕಂಕುಳಲ್ಲಿ ದೊಡ್ಡ ಪುಸ್ತಕ. ಕಾರ್ಖಾನೆಯ ನಡುವೆ ಒಂದು ಪೆಟ್ಟಿಗೆಯ ಮೇಲೇ ಅದನ್ನು ತೆರೆದಿಟ್ಟು ಪೆನ್ನು ಬಿಚ್ಚಿದಳು. ಯಜಮಾನ ಕೈಕಟ್ಟಿ ನಿಂತ. ಸೇತುವೆಯ ಕೆಳಗೆ ಗಿರಾಕಿಯ ಎದುರು ಅವನು ಹೀಗೇ ನಿಲ್ಲುತ್ತಿದ್ದಿರಬೇಕು ಎಂದು ಪಾಸಪ್ಪನಿಗೆ ಅನ್ನಿಸಿತು.

“ಆರು ಕಡಿಮೆ” ಎಂದಳು ಆಕೆ.

“ಆರು” ಎಂದ ಯಜಮಾನ.

“ಮೇಡಂ” ಎಂದ ಪಾಸಪ್ಪ. ತನ್ನ ದನಿ ಇಷ್ಟು ದೊಡ್ಡದಿದೆಯೆಂದು ಅವನಿಗೇ ಗೊತ್ತಿರಲಿಲ್ಲ. “ಒಂದು ಮಾತು. ಗೇಜು ಕಾರ್ಖಾನೆಯದ್ದಲ್ಲ. ಮಂಡಳಿಯದ್ದು. ಹಿಡಿದ ಕೈಯೂ ಕಾರ್ಖಾನೆಯದ್ದಲ್ಲ, ನಾನು ಮಂಡಳಿಯವನು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದ ತಪ್ಪು ಅಂತ ಬರೆಯೋಕಾಗುತ್ತಾ?”

ಶೆಡ್ಡಿನಲ್ಲಿ ಯಂತ್ರಗಳು ನಿಂತಿದ್ದವು. ರೀಮರ್ ಅಕ್ಕ ಬಾಯಿಗೆ ಸೆರಗು ಹಿಡಿದಿದ್ದಳು.

“ಹಾಗಾದ್ರೆ ಆ ಆರು ಪೆಟ್ಟಿಗೆ ಯಾರ ತಲೆಗೆ?” ಎಂದಳು ಆಕೆ.

“ಮಂಡಳಿ ತಲೆಗೆ, ಮೇಡಂ.”

“ಅಂದ್ರೆ ನನ್ನ ತಲೆಗೆ.” ಆಕೆ ಪೆನ್ನಿನ ತುದಿಯನ್ನು ಹಲ್ಲಿಗೆ ತಾಗಿಸಿಕೊಂಡಳು. “ನನ್ನ ಗೋಡೆ ಮೇಲೆ ಹಲಗೆ ಇದೆಯಲ್ಲ. ರಾಜಧಾನಿಯಲ್ಲೂ ಒಂದು ಗೋಡೆ ಇದೆ. ಅದರಲ್ಲಿ ನನ್ನ ಹೆಸರಿದೆ. ನನಗೂ ಒಬ್ಬ ಅತ್ತೆ ಇದ್ದಾರೆ, ಗೊತ್ತಾ? ಹೊಸ್ತಿಲಲ್ಲಿ ನಿಂತಿರ್ತಾರೆ.”

ಗೇಜಿನ ಅಡ್ಡಹೆಸರು ಆಕೆಯ ಕಿವಿಗೂ ಬಿದ್ದಿತ್ತು ಎಂದು ಅವತ್ತೇ ತಿಳಿದದ್ದು. ಯಾರಿಗೂ ನಗುವ ಧೈರ್ಯ ಬರಲಿಲ್ಲ.

ಆಕೆ ಬರೆದಳು. ಬರೆದದ್ದನ್ನು ಯಜಮಾನನ ಕಡೆ ತಿರುಗಿಸಿ ತೋರಿಸಿದಳು. ಕಾರ್ಖಾನೆ: ಎಂಬತ್ತು ಪೆಟ್ಟಿಗೆ ಸಕಾಲಕ್ಕೆ ತಯಾರಿಸಿದೆ. ರವಾನೆಯಾದದ್ದು ಎಪ್ಪತ್ತನಾಲ್ಕು. ಆರು ಪೆಟ್ಟಿಗೆಗಳ ಕೊರತೆ ಮಂಡಳಿಯ ಉಪಕರಣ ದೋಷದಿಂದ. ಜಿಲ್ಲಾ ಕಚೇರಿಯ ಲೆಕ್ಕಕ್ಕೆ ಸೇರಿಸತಕ್ಕದ್ದು.

“ಪಟ್ಟಿಯಲ್ಲಿ ಹೆಸರು ಇರುತ್ತೆ. ಹೊಸ ಯಂತ್ರ ಈ ಸಲ ಇಲ್ಲ” ಎಂದಳು. “ಅದು ಎದುರು ಮನೆಗೆ. ನನ್ನನ್ನು ಹಾಗೆ ನೋಡ್ಬೇಡಿ, ಅವರು ಗುರಿ ಮುಟ್ಟಿದ್ದಾರೆ. ಆರು ತಿಂಗಳು ಬಿಟ್ಟು ಮತ್ತೆ ಬರ್ತೀನಿ. ಆಗ ನೂರು ಪೆಟ್ಟಿಗೆ.”

“ನೂರಾ!” ಎಂದ ಯಜಮಾನ.

“ಗುರಿ” ಎಂದಳು ಆಕೆ, ಪುಸ್ತಕ ಮುಚ್ಚುತ್ತ.

ಹೊರಡುವಾಗ ಪಾಸಪ್ಪನ ಕೈಗೆ ಒಂದು ಲಕೋಟೆ ಕೊಟ್ಟಳು. ಅದರಲ್ಲಿ ಅವನ ಮುದ್ರೆಯಿತ್ತು, ಜೊತೆಗೆ ಒಂದು ಕಾಗದ. ‘ನಿಯಮಕ್ಕಿಂತ ಹೆಚ್ಚು ಪರೀಕ್ಷಿಸಿದ್ದಕ್ಕಾಗಿ ಈ ಮೂಲಕ ಎಚ್ಚರಿಕೆ ನೀಡಲಾಗಿದೆ.’ ರಾತ್ರಿ ಊಟದ ಹೊತ್ತಿಗೆ ಅದನ್ನು ಓದಿ ಅವನ ಹೆಂಡತಿ ತುತ್ತು ಗಂಟಲಿಗೆ ಸಿಕ್ಕುವಷ್ಟು ನಕ್ಕಳು. “ಇದಕ್ಕೆ ಕಟ್ಟು ಹಾಕಿಸಿ ಚಪ್ಪಲಿ ಬಿಡೋ ಜಾಗದ ಮೇಲೆ ನೇತುಹಾಕ್ತೀನಿ” ಎಂದಳು. ಅವನಿಗೂ ನಗು ಬಂತು. ಬಂದದ್ದು ಸರಿಯೋ ತಪ್ಪೋ ಎಂದು ಆಮೇಲೆ ಸ್ವಲ್ಪ ಯೋಚಿಸಿದ.

ಒಂದನೆಯ ತಾರೀಖು ಪಾಸಪ್ಪ ಕಿಟಕಿಯ ಪಕ್ಕದ ಮೇಜಿಗೆ ಬಂದು ಕೂತ. ಯಜಮಾನ ಬಂದು ಪಕ್ಕದಲ್ಲಿ ನಿಂತ. ಐದು ದಿನದಿಂದ ಅವನು ಪಾಸಪ್ಪನ ಜೊತೆ ಅಗತ್ಯದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಎದುರಿನ ಪೆಡಲ್ ಕಾರ್ಖಾನೆಗೆ ಕ್ರೇನು ಹೊಸ ಯಂತ್ರವನ್ನು ಇಳಿಸುತ್ತಿತ್ತು. ಇಬ್ಬರೂ ಅದನ್ನು ನೋಡದಂತೆ ನೋಡಿದರು.

“ಚೆನ್ನಾಗಿದೆ ಯಂತ್ರ” ಎಂದ ಯಜಮಾನ.

“ಹೂಂ.”

“ಅವನು ಭಾನುವಾರ ಬೀಗ ಹಾಕ್ತಾನೆ. ಕೇಳಿದ್ರೆ ಕೊಟ್ಟಾನು.” ಸ್ವಲ್ಪ ತಡೆದು, “ನೂರು ಪೆಟ್ಟಿಗೆ ಅಂದ್ರೆ ಹೆಂಗೆ ಸಾಹೇಬ್ರೆ?” ಎಂದ. ಅದು ಜಗಳದ ದನಿಯಲ್ಲ. ಜೊತೆಗೆ ಕೂತು ಲೆಕ್ಕ ಹಾಕುವವನ ದನಿ.

ಅಷ್ಟರಲ್ಲಿ ರೀಮರ್ ಅಕ್ಕ ಹಬ್ಬುಗಳ ತಟ್ಟೆ ತಂದು ಮೇಜಿನ ಮೇಲೆ ಕುಕ್ಕಿದಳು. ಪಾಸಪ್ಪನ ಕೈ ಅಭ್ಯಾಸಬಲದಿಂದ ಮೊದಲನೆಯದಕ್ಕೆ ಹೋಯಿತು. ಅವಳು ಅವನ ಮಣಿಕಟ್ಟಿನ ಮೇಲೆ ಪಟ್ಟನೆ ಒಂದು ಬಿಟ್ಟಳು.

“ಬಿಡಿ ಸಾರ್. ಅದು ನಂದು.”

“ನೋಡ್ದೆ ಹೇಗೆ?”

“ನಾನು ಕೊರೆದಿದ್ದೀನಿ. ನಾನು ನೋಡಿದ್ದೀನಿ. ಇನ್ಮೇಲೆ ನಾವು ಕಣ್ಣು ಬಿಟ್ಕೊಂಡೇ ಕೊರೀತೀವಿ.” ಅವಳು ಒಂದೊಂದೇ ಹಬ್ಬನ್ನು ಎತ್ತಿ ಪೆಟ್ಟಿಗೆಗೆ ಹಾಕುತ್ತ ಎಣಿಸತೊಡಗಿದಳು. “ಒಂದು. ಎರಡು. ಮೂರು...”

ಪಾಸಪ್ಪ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಏಳನೆಯದು ಸ್ವಲ್ಪ ಸಂಶಯವೆನ್ನಿಸಿತು. ಹನ್ನೆರಡನೆಯದರ ಅಂಚಿನಲ್ಲಿ ಏನೋ ಇದ್ದಂತಿತ್ತು. ಅವನ ಹಣೆಯಲ್ಲಿ ಬೆವರು ಮೂಡಿತು. ಯಜಮಾನ ಅದನ್ನು ನೋಡಿ ಮುಖ ತಿರುಗಿಸಿಕೊಂಡು ನಕ್ಕ.

“ಹದಿನೆಂಟು. ಹತ್ತೊಂಬತ್ತು” ಎಂದು ನಿಲ್ಲಿಸಿ, ರೀಮರ್ ಅಕ್ಕ ಇಪ್ಪತ್ತನೆಯದನ್ನು ಅವನ ಅಂಗೈಯಲ್ಲಿಟ್ಟಳು. “ಇದು ನಿಮ್ಮದು.”

ಅವನು ಹೊಸ ಸೊಸೆಯನ್ನು ಬಾಯಿಗಿಟ್ಟ. ಅವಳು ಒಂದು ಕ್ಷಣ ತಡೆದಳು, ಆಮೇಲೆ ಬಿಗಿಯಾಗಿ, ನಿಧಾನವಾಗಿ ಒಳಗೆ ಹೋದಳು.